ಗಡಕರಿಯಿಂದ ನಾಗರಿಕನವರೆಗೆ

ಗಡಹಿಂಗ್ಲಜ ತಾಲೂಕಿನ ಸಾಮಾನಗಡಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ಯುವವರು ಬಂಡೆಯಲ್ಲಿ ಕೊರೆದ ಬಾವಿಗಳನ್ನು ತೋರಿಸುತ್ತಾರೆ, ಶಿವಾಜಿ ಮಹಾರಾಜರ ಹೆಸರು ಹೇಳುತ್ತಾರೆ, ಇಳಿದು ಬರುತ್ತಾರೆ. 1844ರ ಮಾತು ಅಪರೂಪಕ್ಕೂ ಬರುವುದಿಲ್ಲ. ಆಳುವವರಿಗೂ ತಮಗೂ ಇರುವ ಸಂಬಂಧವೇನೆಂದು ಈ ಸೀಮೆಯ ಜನ ಆಯುಧ ಹಿಡಿದು ಕೇಳಿದ್ದು ಆ ವರ್ಷ, ಆ ಗಡದ ಮೇಲೆ.

ಕೋಟೆ ಕಾಯುವ ಗಡಕರಿಗಳಿಗೆ ಸೇವೆಗೆ ಪ್ರತಿಯಾಗಿ ವಂಶಪರಂಪರೆಯ ಜಮೀನಿತ್ತು. ಭೂಮಿ ಉಣ್ಣುವುದು, ಗಡ ಕಾಯುವುದು. ರಾಜ್ಯಕ್ಕೂ ಅವರಿಗೂ ಇದ್ದ ಕರಾರು ಇಷ್ಟೇ. ಆಗ ಛತ್ರಪತಿಗಳು ಅಪ್ರಾಪ್ತವಯಸ್ಕರು. ಬ್ರಿಟಿಷರು ನೇಮಿಸಿದ ಕಾರಭಾರಿ ದಾಜಿ ಕೃಷ್ಣ ಪಂಡಿತರು ಸುಧಾರಣೆಗೆ ಕೈಹಾಕಿ ಆ ಭೂಮಿಯನ್ನು ಮಾಮಲೇದಾರರ ಉಸ್ತುವಾರಿಗೆ ಒಪ್ಪಿಸಿದರು. ಸುಧಾರಣೆಯೇ ಕೆಟ್ಟದ್ದೆನ್ನಲಾಗದು, ಲೆಕ್ಕವಿಲ್ಲದ ಆಡಳಿತಕ್ಕೆ ಲೆಕ್ಕ ಬೇಕಿತ್ತು. ಆದರೆ ಗಡಕರಿಗಳ ಒಪ್ಪಿಗೆ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಸಾಮಾನಗಡದ ಬಾಗಿಲು ಮುಚ್ಚಿತು. ಭೂಧರಗಡ ಅದನ್ನು ಅನುಸರಿಸಿತು. ದಂಗೆ ಕೊಲ್ಹಾಪುರ, ಪನ್ಹಾಳ, ಸಾವಂತವಾಡಿಗಳಿಗೂ ಹಬ್ಬಿತು. ಅಕ್ಟೋಬರದಲ್ಲಿ ಸಾಮಾನಗಡ, ಡಿಸೆಂಬರದಲ್ಲಿ ಪನ್ಹಾಳ ಬ್ರಿಟಿಷ್ ಸೈನ್ಯದ ವಶವಾದವು. ಕೋಟೆಗಳನ್ನು ಕೆಡವಲಾಯಿತು, ವಂಶಪರಂಪರೆಯ ಕಾವಲು ಪದ್ಧತಿಯೇ ರದ್ದಾಯಿತು.

ಹದಿಮೂರು ವರ್ಷಗಳ ತರುವಾಯ, 1857ರ ಜುಲೈ 31ರಂದು, ಕೊಲ್ಹಾಪುರದಲ್ಲಿದ್ದ 27ನೆಯ ಪದಾತಿ ದಳ ಬಂಡೆದ್ದಿತು. ಛತ್ರಪತಿಗಳ ತಮ್ಮ ಚಿಮಾಸಾಹೇಬರನ್ನು ಕರಾಚಿಗೆ ಗಡಿಪಾರು ಮಾಡಲಾಯಿತು. ಅದೇ ವರ್ಷ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣ ತೆತ್ತರು. ಅವರ ಲಾವಣಿಯನ್ನು ಫ್ಲೀಟ್ ಸಾಹೇಬರು ಅಚ್ಚು ಮಾಡಿಸಿದ್ದರಿಂದ ಆ ಕಥೆ ನಮ್ಮ ಕೈಗೆ ಕನ್ನಡದಲ್ಲೇ ಬಂದಿದೆ. ಸಾಮಾನಗಡಕ್ಕೆ ಅಂಥ ಭಾಗ್ಯ ಒದಗಿದಂತೆ ತೋರುವುದಿಲ್ಲ.

1858ರಲ್ಲಿ ಕಂಪನಿಯ ಆಡಳಿತ ರಾಣಿಯದಾಯಿತು. ಆದರೂ ಸಂಸ್ಥಾನಗಳ ಜನ ಬ್ರಿಟಿಷ್ ಪ್ರಜೆಗಳಾಗಲಿಲ್ಲ. ಕಾನೂನು ಅವರನ್ನು ‘ರಕ್ಷಿತ ವ್ಯಕ್ತಿ’ಗಳೆಂದು ಕರೆಯಿತು. ಇಚಲಕರಂಜಿಯವನ ಮೇಲೆ ಜಹಗೀರದಾರ, ಛತ್ರಪತಿ, ಸಾರ್ವಭೌಮ ಎಂದು ಮೂವರು. ಸಂಕೇಶ್ವರಕ್ಕೂ ಗಡಹಿಂಗ್ಲಜಕ್ಕೂ ಬೀಗತನ ನಡೆದರೆ, ಕಾನೂನಿನ ಕಣ್ಣಿನಲ್ಲಿ ಬೀಗರು ಬೇರೆ ಬೇರೆ ಪ್ರಭುತ್ವದವರು!

ಅತ್ತ ಅಮೇರಿಕೆಯಲ್ಲಿ, ಅದೇ 1857ರಲ್ಲಿ, ಕರಿಯರು ನಾಗರಿಕರಾಗಲಾರರೆಂದು ಸರ್ವೋಚ್ಚ ನ್ಯಾಯಾಲಯ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದನ್ನು ಅಳಿಸಲು ನಾಲ್ಕು ವರ್ಷಗಳ ಅಂತರ್ಯುದ್ಧವೂ 1868ರ ಹದಿನಾಲ್ಕನೆಯ ತಿದ್ದುಪಡಿಯೂ ಬೇಕಾದವು. ‘ಕಾನೂನುಗಳ ಸಮಾನ ಸಂರಕ್ಷಣೆ’ ಎಂಬ ಅದರ ನುಡಿಯೇ ನಮ್ಮ ಸಂವಿಧಾನದ 14ನೆಯ ಅನುಚ್ಛೇದದಲ್ಲಿದೆ.

ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಾಗರಿಕತ್ವದ ಅನುಚ್ಛೇದಗಳು ಗಣರಾಜ್ಯೋತ್ಸವಕ್ಕೆ ಕಾಯದೆ ಅದೇ ವರ್ಷದ ನವೆಂಬರ್ 26ರಂದೇ ಜಾರಿಗೆ ಬಂದವು. ಸಂಕೇಶ್ವರ, ಗಡಹಿಂಗ್ಲಜಗಳ ಬೀಗರು ಒಂದೇ ದೇಶದ, ಒಂದೇ ಬಗೆಯ ನಾಗರಿಕರಾದರು. 1956ರಲ್ಲಿ ಅವರ ನಡುವೆ ರಾಜ್ಯಗಳ ಗೆರೆ ಬಿದ್ದಿತು, ನಾಗರಿಕತ್ವದ್ದಲ್ಲ.

ಆ ಗೆರೆಯೊಂದಿಗೇ 350ಎ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ‘ಪ್ರಯತ್ನಿಸತಕ್ಕದ್ದು’ ಎನ್ನುತ್ತದೆ ಅದು. ಪಾಲಕರು ಅರ್ಜಿ ಬರೆಯುವಾಗ ಈ ಪದದ ಸಡಿಲನ್ನು ಗಮನಿಸಬೇಕು. 30ನೆಯ ಅನುಚ್ಛೇದ ಹಾಗಲ್ಲ. ಶಾಲೆ ಸ್ಥಾಪಿಸಿ ನಡೆಸುವುದನ್ನು ಅದು ಹಕ್ಕೆಂದೇ ಕರೆಯುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು ಟಿ.ಎಂ.ಎ. ಪೈ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದರಂತೆ ಗಡಹಿಂಗ್ಲಜದ ಕನ್ನಡ ಶಾಲೆಗೆ ಇರುವ ಹಕ್ಕು ಬೆಳಗಾವಿಯ ಮರಾಠಿ ಶಾಲೆಗೂ ಇದೆ.