ಮಾಲೀಕರ ನೋಟೀಸು ಬಂದಾಗ

2022ರ ಮೇ ತಿಂಗಳು. ಮಳೆ ಹಿಡಿಯಲು ಇನ್ನು ಮೂರು ವಾರ. ನಮ್ಮ ಸಂಘವು ಬಾಡಿಗೆಗೆ ಹಿಡಿದ ಗೋದಾಮಿನಲ್ಲಿ ಸದಸ್ಯರ ಕಾಫಿ, ಅಡಿಕೆ ಮೂಟೆಗಳು ಮಾಡಿನವರೆಗೆ ಪೇರಿಸಿದ್ದವು. ಅಂಥ ಹೊತ್ತಿನಲ್ಲಿ ಮಾಲೀಕರ ಪರವಾಗಿ ವಕೀಲರ ನೋಟೀಸು ಬಂತು. ನಾವು ಕರಾರು ಮುರಿದಿದ್ದೇವೆ, ಹದಿನೈದು ದಿನಗಳಲ್ಲಿ ಜಾಗ ಬಿಡಬೇಕು ಎಂಬುದು ಅದರ ಸಾರ. ಆರೋಪಗಳು ಮೂರು: ಮೂರು ತಿಂಗಳ ಬಾಡಿಗೆ ಬಾಕಿ, ಪರರಿಗೆ ಒಳಬಾಡಿಗೆ, ಅನುಮತಿಯಿಲ್ಲದೆ ಕಟ್ಟಡ.

ಓದಿದೊಡನೆ ನಮಗೆ ಸಿಟ್ಟು ಬಂದದ್ದು ಸಹಜ. ಮಾಲೀಕರ ಮನೆಗೇ ಹೋಗಿ ಕೇಳಿಬಿಡೋಣವೆಂದು ಎದ್ದೆವು. ಹಿರಿಯ ನಿರ್ದೇಶಕರೊಬ್ಬರು ತಡೆದು, "ಮೊದಲು ಕಾಗದ ನೋಡಿ, ಕೋಪ ಆಮೇಲೆ ಮಾಡಿಕೊಳ್ಳುವಿರಂತೆ" ಎಂದರು. ಆ ಮಾತು ನಮ್ಮನ್ನು ಉಳಿಸಿತು.

ಕಾಗದ ನೋಡಿದೆವು. ಒಳಬಾಡಿಗೆಯೆಂದದ್ದು ಮೂಟೆಗಳ ಮೇಲಿನ ಬೇರೆ ಬೇರೆ ಹೆಸರುಗಳನ್ನು ಕಂಡು. ಅವೆಲ್ಲ ನಮ್ಮ ಸದಸ್ಯರ ಹೆಸರುಗಳೇ. ದಾಸ್ತಾನು ಪುಸ್ತಕ, ತೂಕದ ಚೀಟಿಗಳ ನಕಲು ಲಗತ್ತಿಸಿದೆವು. ಕಟ್ಟಡವೆಂದದ್ದು ಕಣದ ಪಕ್ಕ ಮರದ ಕಂಬ ನೆಟ್ಟು ತಗಡು ಹೊದಿಸಿದ ಚಪ್ಪರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬೇಡವೆನ್ನುವುದು ಒಪ್ಪಿಗೆಯಿಲ್ಲದ ಶಾಶ್ವತ ಕಟ್ಟಡವನ್ನು. ಚಪ್ಪರದ ಫೋಟೋ ತೆಗೆದು, ಬೇಕೆಂದರೆ ಒಂದೇ ದಿನದಲ್ಲಿ ಬಿಚ್ಚುತ್ತೇವೆಂದು ಬರೆದೆವು.

ಬಾಡಿಗೆಯದೇ ತೊಡಕು. ಜನವರಿ, ಮಾರ್ಚ್ ತಿಂಗಳ ಹಣ ಬ್ಯಾಂಕಿನ ಮೂಲಕ ಹೋಗಿತ್ತು. ಫೆಬ್ರವರಿಯದನ್ನು ಮಾತ್ರ ಮದುವೆ ಮನೆಯಲ್ಲಿ ಸಿಕ್ಕ ಮಾಲೀಕರ ಕೈಗೆ ನಗದಾಗಿ ಕೊಟ್ಟಿದ್ದೆವು, ರಸೀದಿ ಪಡೆದಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ಮುಚ್ಚಿಡದೆ ಇದ್ದುದನ್ನು ಇದ್ದ ಹಾಗೆ ಬರೆದು, ತಕರಾರಿನ ಹಕ್ಕನ್ನು ಕಾಯ್ದಿರಿಸಿ, ಆ ತಿಂಗಳ ಹಣವನ್ನು ಮತ್ತೊಮ್ಮೆ ಬ್ಯಾಂಕಿಗೆ ಕಟ್ಟಿದೆವು.

ಹೆಚ್ಚು ಬಾಡಿಗೆಗೆ ಬೇರೊಬ್ಬರು ಬಂದಿದ್ದಾರೆಂಬ ಸುದ್ದಿ ಊರಲ್ಲಿತ್ತು. ಉತ್ತರದಲ್ಲಿ ಅದನ್ನು ಎತ್ತಲಿಲ್ಲ. ನಮ್ಮ ಕೈಯಲ್ಲಿ ಪುರಾವೆಯಿಲ್ಲದ ಮಾತು ನಮ್ಮನ್ನೇ ಹಿಡಿಯುತ್ತದೆ. ವಕೀಲರಿಗೆ ತೋರಿಸಿ, ಹತ್ತನೆಯ ದಿನ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕಳಿಸಿದೆವು. ಮಾಲೀಕರು ಕಾಗದಗಳನ್ನು ನೋಡಿ ನೋಟೀಸನ್ನು ಹಿಂತೆಗೆದುಕೊಂಡರು. ಮೂಟೆಗಳು ನೆನೆಯಲಿಲ್ಲ. ಎರಡನೇ ಸಲ ಕಟ್ಟಿದ ಹಣ ಮಾತ್ರ ವಾಪಸು ಬರಲಿಲ್ಲ. ತಪ್ಪು ಸಂಘದ್ದಲ್ಲವಾದ್ದರಿಂದ ಅದನ್ನು ನಾವೇ ಕೈಯಿಂದ ಭರ್ತಿ ಮಾಡಿದೆವು.

ಕಣ, ಗೋದಾಮು, ಅಂಗಡಿ ಬಾಡಿಗೆಗೆ ಹಿಡಿದ ಸದಸ್ಯರು ಗಮನಿಸಬೇಕಾದ ಅಂಶಗಳಿವು:

ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಾಯಿತ ಪತ್ರ ಅಗತ್ಯ (ಕಲಮು 107).

ಬಾಡಿಗೆ ಬಾಕಿಗಾಗಿ ಗುತ್ತಿಗೆ ರದ್ದೆಂದು ದಾವೆ ಹೂಡಿದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಪೂರ್ಣ ಖರ್ಚು ಕಟ್ಟಿದರೆ ನ್ಯಾಯಾಲಯ ಪರಿಹಾರ ನೀಡಬಹುದು (ಕಲಮು 114). ಇದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆ.

ಕರಾರಿನ ಇತರ ಷರತ್ತು ಮುರಿದರೆ, ಯಾವ ತಪ್ಪೆಂದು ಬರೆದು ತಿಳಿಸಬೇಕು. ಸರಿಪಡಿಸಬಹುದಾದದ್ದಾದರೆ ಸರಿಪಡಿಸಲು ಹೇಳಿ ಅವಕಾಶ ಕೊಡಬೇಕು (ಕಲಮು 114-ಎ). ಒಳಬಾಡಿಗೆಯನ್ನು ನಿಷೇಧಿಸುವ ಷರತ್ತಿಗೆ ಈ ರಕ್ಷಣೆಯಿಲ್ಲ, ಎಚ್ಚರವಿರಲಿ.

ನೋಟೀಸು ಸುಳ್ಳೆಂದು ಮೂಲೆಗೆಸೆಯಬೇಡಿ, ಉತ್ತರ ಕೊಡಿ. ಬಾಡಿಗೆಯನ್ನು ಎಷ್ಟೇ ಸ್ನೇಹವಿದ್ದರೂ ರಸೀದಿಯಿಲ್ಲದೆ ಕೊಡಬೇಡಿ. ನಮ್ಮ ಮಾಲೀಕರೊಂದಿಗೆ ಈಗಲೂ ಮಾತುಕತೆ, ಕಾಫಿ ಎಲ್ಲ ಇದೆ. ರಸೀದಿಯೂ ಇದೆ.