ಅಗಿ ಸುಟ್ಟದ್ದು ಬಿಸಿಲಿಗಲ್ಲ, ಗೊಬ್ಬರಕ್ಕೆ

ನಮ್ಮದು ಬ್ಯಾಡಗಿ ಸೀಮೆಯ ಎರಿ ಹೊಲ. ಮಳೆ ಬಂದರೆ ಬೆಳೆ. ಮನೆ ಹತ್ತಿರ ಒಂದು ಬೋರು ಐತಿ, ಅದರ ನೀರು ದನಕರಕ್ಕೆ, ಅಗಿ ಮಡಿಗೆ ಸಾಕು, ಹೊಲಕ್ಕೆ ಹರಿಸುವಷ್ಟಿಲ್ಲ. ಹಿಂಗಾಗಿ ಮೆಣಸಿನ ಅಗಿ ಹಚ್ಚಲಿಕ್ಕೆ ನಮಗೆ ಸಿಗುವುದು ಜುಲೈ ತಿಂಗಳಲ್ಲಿ ಎಂಟು ಹತ್ತು ದಿನ ಅಷ್ಟೇ. ಆ ಹಸಿ ತಪ್ಪಿತೋ, ಆ ವರ್ಷದ ಮೆಣಸಿನಕಾಯಿ ತಪ್ಪಿದ ಹಾಗೆ.

2017ರಲ್ಲಿ ನಾನು ಒಂದು ಶಾಣ್ಯಾತನ ಮಾಡಿದೆ. ಅಲ್ಲಿಯವರೆಗೆ ನೆಲದ ಮಡಿಯಲ್ಲೇ ಅಗಿ ಮಾಡುತ್ತಿದ್ದೆವು. ಆ ವರ್ಷ ಮಗ 98 ಕುಣಿಯ ಪ್ಲಾಸ್ಟಿಕ್ ಟ್ರೇ 120 ತಂದ. ಎರಡಡಿಗೆ ಎರಡಡಿ ಹಚ್ಚಿದರೆ ಎಕರೆಗೆ 10,890 ಅಗಿ ಬೇಕು, 120 ಟ್ರೇಗೆ 11,760 ಆಗುತ್ತದೆ, ಎಕರೆಗೆ ಸಾಕು ಅಂತ ಲೆಕ್ಕ ಹಾಕಿದೆವು. ಬೀಜ ನಮ್ಮದೇ, ಡಬ್ಬಿ ತಳಿ. ಟ್ರೇ ತುಂಬಲು ಮಿಶ್ರಣ ನಾನೇ ಮಾಡಿದೆ. ಒಂದು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಕೋಳಿ ಗೊಬ್ಬರ, ಅರ್ಧ ಬುಟ್ಟಿ ಕುರಿ ಹಿಕ್ಕಿ, ಮೇಲೆ ಒಂದೊಂದು ಹಿಡಿ ಡಿಎಪಿ. ಅಗಿ ಗಟ್ಟಿಮುಟ್ಟಾಗಿ ಬರಲಿ ಅಂತ ಆಸೆ.

ಹತ್ತು ದಿನಕ್ಕೆ ಮೊಳಕೆ ಬಂತು. ಆದರೆ ಎಷ್ಟೋ ಕುಣಿ ಖಾಲಿ. ಬಂದ ಅಗಿಯ ಮೊದಲ ಜೋಡಿ ಎಲೆ ಚೆನ್ನಾಗಿತ್ತು. ಮುಂದಿನ ಎಲೆ ಬರುವಾಗ ಬಣ್ಣ ಕಡುಹಸಿರಾಯಿತು. ನೋಡಿ ನಾನು ಹಿಗ್ಗಿದೆ. ನಾಲ್ಕೈದು ದಿನಕ್ಕೆ ಎಲೆ ತುದಿ ಕಂದು ತಿರುಗಿತು, ಅಂಚು ಒಣಗಿ ಮುಟ್ಟಿದರೆ ಹಪ್ಪಳದ ಹಂಗ ಮುರಿಯಿತು. ಎಲೆ ತುದಿ ಕೆಳಗೆ ಬಾಗಿ ಹಕ್ಕಿ ಉಗುರಿನಂತೆ ಆಯಿತು. ಬಿಸಿಲು ಜಾಸ್ತಿ ಆಯಿತೇನೋ ಅಂತ ನೆರಳು ಕಟ್ಟಿದೆ. ಔಷಧಿ ಅಂಗಡಿಯಲ್ಲಿ ಎಲೆ ತೋರಿಸಿದರೆ ಮುಟುರು ರೋಗ ಅಂತ ಎರಡು ಬಾಟಲಿ ಕೊಟ್ಟರು, ಹೊಡೆದೆ. ಕಡೆಗೆ ಹೊಟ್ಟೆಗೆ ಸಾಲದೇ ಹಿಂಗಾಗಿದೆ ಅಂತ ಯೂರಿಯಾ ಕರಗಿಸಿ ಹನಿಸಿದೆ. ಮೂರನೇ ದಿನ ಮುಕ್ಕಾಲು ಪಾಲು ಟ್ರೇ ಬೋಳು.

ನಮ್ಮ ಓಣಿಯ ಹಿರಿಯಾಕಿ ಒಬ್ಬರು ಬಂದು ಕುಣಿಯ ಮಣ್ಣು ಬೆರಳಲ್ಲಿ ತೆಗೆದು ಮೂಸಿದರು. "ಎಪ್ಪಾ, ಹುಟ್ಟಿದ ಕೂಸಿಗೆ ಹೋಳಿಗಿ ಉಣಿಸಿಯಲ್ಲೋ" ಅಂದರು. ಅವರ ಮಡಿಯಲ್ಲಿ ಉಳಿದ ಅಗಿ ತಂದು ಅರ್ಧ ಎಕರೆ ಹಚ್ಚಿದೆ. ಉಳಿದ ಅರ್ಧ ಎಕರೆ ಹಿಂಗಾರಿ ಜೋಳದವರೆಗೆ ಬೀಳು ಬಿತ್ತು. ಬೀಜ ಮತ್ತೆ ಹಾಕಬಹುದಿತ್ತು, ಆದರೆ ಅಗಿ ತಯಾರಾಗಲು 40 ದಿನ ಬೇಕು. ಅಷ್ಟರಲ್ಲಿ ನಮ್ಮ ಮಳೆ ಮುಗಿದಿರುತ್ತದೆ.

ಆ ಮಿಶ್ರಣವನ್ನು ಮಣ್ಣು ಪರೀಕ್ಷೆಗೆ ಕೊಟ್ಟೆ. ವರದಿಯಲ್ಲಿ ಇಸಿ ಅಂತ ಒಂದು ಸಾಲು ಇರುತ್ತದೆ. ಮಣ್ಣಿನಲ್ಲಿ ಕರಗುವ ಲವಣ ಎಷ್ಟು ಅಂತ ಹೇಳುವ ಅಂಕಿ ಅದು. 1ರ ಒಳಗಿದ್ದರೆ ಸರಿ. 1ರಿಂದ 2 ಇದ್ದರೆ ಮೊಳಕೆಗೇ ಕಷ್ಟ. 2 ದಾಟಿದರೆ ಲವಣ ತಡೆಯದ ಬೆಳೆಗೆ ಪೆಟ್ಟು. 3 ದಾಟಿದರೆ ಬಹುತೇಕ ಬೆಳೆಗೆ ಹಾನಿ. ನನ್ನದು 3ರ ಮೇಲಿತ್ತು. ಅದರೊಳಗೆ ಅಷ್ಟಾದರೂ ಮೊಳಕೆ ಬಂದದ್ದೇ ದೊಡ್ಡದು.

ಗೊಬ್ಬರ ಅಂದರೆ ಅನ್ನ ಅಂತಷ್ಟೇ ನಾವು ತಿಳಿದಿರುತ್ತೇವೆ. ಅದು ನೀರಿನಲ್ಲಿ ಕರಗಿದಾಗ ಉಪ್ಪು ಸಹ ಹೌದು. ಮಾವಿನಕಾಯಿ ಹೋಳಿಗೆ ಉಪ್ಪು ಸವರಿ ಭರಣಿಯಲ್ಲಿಟ್ಟರೆ ಬೆಳಗಾಗುವುದರೊಳಗೆ ಹೋಳು ಮುದುಡಿ ನೀರು ಬಿಟ್ಟಿರುತ್ತದಲ್ಲ, ಎಳೆ ಬೇರಿಗೂ ಹಂಗೇ. ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರು ನೀರು ಎಳೆಯಲಾರದು. ಮಣ್ಣು ಹಸಿಯಾಗಿದ್ದರೂ ಅಗಿ ಬಾಯಾರಿ ಸಾಯುತ್ತದೆ. ಜೊತೆಗೆ ಹಸಿ ಕೋಳಿ ಗೊಬ್ಬರ ಅಮೋನಿಯಾ ಬಿಡುತ್ತದೆ, ಮೂಗಿಗೆ ಚುರ್ ಅನ್ನುವ ವಾಸನೆ ಅದೇ. ಅದು ಎಳೆ ಬೇರನ್ನು ನೇರವಾಗಿಯೇ ಸುಡುತ್ತದೆ.

ತಿಪ್ಪಿ ಗೊಬ್ಬರಕ್ಕೂ ಕೋಳಿ ಗೊಬ್ಬರಕ್ಕೂ ಬುಟ್ಟಿ ಒಂದೇ ಆದರೂ ಒಳಗಿನ ಸತ್ವ ಒಂದೇ ಅಲ್ಲ. ತಿಪ್ಪಿ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಸುಮಾರು ಅರ್ಧ ಭಾಗ. ಕೋಳಿ ಗೊಬ್ಬರ, ಕುರಿ ಹಿಕ್ಕಿಯಲ್ಲಿ ಸುಮಾರು 3 ಭಾಗ. ಅಂದರೆ ನಾನು ಒಂದು ಬುಟ್ಟಿ ಹಾಕಿದೆ ಅಂದುಕೊಂಡದ್ದು ಆರು ಬುಟ್ಟಿಗೆ ಸಮ. ಮೇಲೆ ಡಿಎಪಿ ಬೇರೆ. ಹೊಲಕ್ಕೆ ಕುರಿ ತರುಬಿದರೆ ಏನೂ ಆಗುವುದಿಲ್ಲ ಅನ್ನುತ್ತೀರಿ. ಹೊಲ ದೊಡ್ಡದು, ಮಳೆ ಅದನ್ನು ತೊಳೆದು ಆಳಕ್ಕೆ ಇಳಿಸುತ್ತದೆ. ಟ್ರೇ ಕುಣಿಯಲ್ಲಿ ಹಿಡಿಸುವುದು ಒಂದೆರಡು ಚಮಚ ಮಣ್ಣು. ಮಧ್ಯಾಹ್ನ ಅದರ ನೀರು ಅರ್ಧ ಆರಿದರೆ ಉಳಿದ ನೀರಿನ ಉಪ್ಪು ಎರಡು ಪಟ್ಟು. ಬೋರ್ ನೀರು ಗಡಸಾಗಿದ್ದರೆ ಅದೂ ದಿನಾ ಸ್ವಲ್ಪ ಸೇರಿಸುತ್ತಾ ಹೋಗುತ್ತದೆ. ಕುಣಿ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದೇ ಗುರುತು.

ಬೇರೆ ತೊಂದರೆಗೂ ಇದಕ್ಕೂ ವ್ಯತ್ಯಾಸ ಗುರುತಿಸದಿದ್ದರೆ ನನ್ನಂಗ ಔಷಧಿಗೆ ದುಡ್ಡು ಹಾಕುತ್ತೀರಿ. ಥ್ರಿಪ್ಸ್ ನುಸಿ ಬಿದ್ದರೆ ಎಲೆ ಅಂಚು ಮೇಲಕ್ಕೆ ಮುದುಡಿ ದೋಣಿಯಂತಾಗುತ್ತದೆ. ಮೈಟ್ ನುಸಿಗೆ ಎಲೆ ಕೆಳಕ್ಕೆ ಮುದುಡುತ್ತದೆ, ಆದರೆ ತುದಿ ಸುಟ್ಟಿರುವುದಿಲ್ಲ, ಹೊಸ ಚಿಗುರು ಸಣ್ಣಗಾಗಿ ಸೊಟ್ಟಗಾಗುತ್ತದೆ. ಬುಡ ಕೊಳೆಯುವ ರೋಗದಲ್ಲಿ ಎಲೆ ಹಸಿರಿದ್ದಾಗಲೇ ಅಗಿ ಮಣ್ಣಿನ ಮಟ್ಟದಲ್ಲಿ ನೀರುಗಟ್ಟಿ ಮಗುಚಿ ಬೀಳುತ್ತದೆ. ಗೊಬ್ಬರಕ್ಕೆ ಸುಟ್ಟ ಅಗಿ ನಿಂತೇ ಇರುತ್ತದೆ. ಕಿತ್ತು ನೋಡಿ, ಬೇರು ಬಿಳಿ ಇರದೆ ಕಂದಾಗಿ ಮೊಟಕಾಗಿರುತ್ತದೆ. ಟ್ರೇ ತುಂಬ ಒಂದೇ ಸಮ ಬಂದರೆ ಗೊಬ್ಬರದ ಮೇಲೆ ಸಂಶಯಪಡಬೇಕು. ರೋಗವಾದರೆ ಸಾಮಾನ್ಯವಾಗಿ ಒಂದು ಮೂಲೆಯಿಂದ ಹರಡುತ್ತದೆ.

ಈಗ ನಾನು ಮಾಡುವ ಮಿಶ್ರಣ ಬಡವರ ಊಟ. ಮೂರು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ವರ್ಷ ಕಳೆದ ತಿಪ್ಪಿ ಗೊಬ್ಬರ ಸೋಸಿದ್ದು. ಡಿಎಪಿ, ಹಿಂಡಿ, ಕೋಳಿ ಗೊಬ್ಬರ ಯಾವುದೂ ಇಲ್ಲ. ಬೀಜದೊಳಗೆ ಮೊದಲ ದಿನಗಳ ಬುತ್ತಿ ಇದ್ದೇ ಇರುತ್ತದೆ, ಎರಡು ನಿಜ ಎಲೆ ಬರುವವರೆಗೆ ಮಣ್ಣಿನಿಂದ ಹೆಚ್ಚೇನೂ ಬೇಡ. ತೆಂಗಿನ ನಾರಿನ ಪುಡಿ ಬಳಸುವವರು ತೊಳೆದದ್ದೇ ಕೊಳ್ಳಬೇಕು. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿದರೂ ನಡೆಯುತ್ತದೆ.

ಗೊಬ್ಬರ ಮಾಗಿದೆಯೋ ಇಲ್ಲವೋ ನೋಡಲು, ಹಸಿ ಮಾಡಿದ ಗೊಬ್ಬರ ಎರಡು ಹಿಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ, ಚುರ್ ವಾಸನೆ ಬಂದರೆ ಮತ್ತೆ ತಿಪ್ಪಿಗೆ ಹಾಕಿ. ಇದಾದ ಮೇಲೆ ನಾನು ಇನ್ನೊಂದು ಪರೀಕ್ಷೆ ಬಿಡುವುದಿಲ್ಲ. ಎರಡು ತೆಂಗಿನ ಚಿಪ್ಪು, ಒಂದರಲ್ಲಿ ಬರೀ ಹೊಲದ ಮಣ್ಣು, ಇನ್ನೊಂದರಲ್ಲಿ ತಯಾರಿಸಿದ ಮಿಶ್ರಣ, ಎರಡರಲ್ಲೂ ಹತ್ತು ಹತ್ತು ಹೆಸರಕಾಳು. ಒಂದು ವಾರದಲ್ಲಿ ಫಲಿತಾಂಶ ಬರುತ್ತದೆ. ಮಿಶ್ರಣದಲ್ಲಿ ಮೊಳಕೆ ಕಡಿಮೆ ಅಥವಾ ಎಲೆ ಅಂಚು ಒಣಗಿತು ಅಂದರೆ ಮತ್ತಷ್ಟು ಮಣ್ಣು, ಉಸುಕು ಬೆರೆಸಬೇಕು. ನನ್ನ 2017ರ ಮಿಶ್ರಣ ಸ್ವಲ್ಪ ಉಳಿದಿತ್ತು. ಹಂಗೇ ಮಾಡಿ ನೋಡಿದೆ. ಹತ್ತಕ್ಕೆ ಮೂರು ಮೊಳೆತವು. ಹತ್ತು ಕಾಳಿನ ಖರ್ಚಿನಲ್ಲಿ ತಿಳಿಯುವುದನ್ನು ಅರ್ಧ ಎಕರೆ ಬೀಳು ಬಿಟ್ಟು ತಿಳಿದೆ.

ಬಡ ಮಿಶ್ರಣದಲ್ಲಿ 20-25 ದಿನಕ್ಕೆ ಅಗಿ ತುಸು ಹಳದಿ ತಿರುಗಬಹುದು. ಹೆದರಬೇಡಿ, ಹಸಿದ ಅಗಿಗೆ ಯಾವಾಗಲೂ ಉಣಿಸಬಹುದು. ನಾನು 19:19:19 ಲೀಟರ್ ನೀರಿಗೆ ಒಂದು ಗ್ರಾಂ ಕರಗಿಸಿ ವಾರಕ್ಕೊಮ್ಮೆ, ಅದೂ ಹಸಿ ಇರುವ ಮಣ್ಣಿಗೆ, ಸಂಜೆ ಕೊಡುತ್ತೇನೆ. ಒಣಗಿದ ಕುಣಿಗೆ ಗೊಬ್ಬರ ನೀರು ಹಾಕಲೇಬಾರದು.

ಈಗಾಗಲೇ ಸುಟ್ಟಿದ್ದರೆ? ತುದಿ ಮಾತ್ರ ಕಂದಾಗಿದ್ದರೆ ಉಳಿಸಬಹುದು. ಬೆಳಿಗ್ಗೆ ಸಪ್ಪೆ ನೀರು, ಮಳೆ ನೀರಿದ್ದರೆ ಇನ್ನೂ ಒಳ್ಳೆಯದು, ಕುಣಿ ಹಿಡಿಯುವ ಮಣ್ಣಿನ ಎರಡು ಮೂರು ಪಟ್ಟು ನಿಧಾನ ಹಾಕಿ ಕೆಳಗಿನ ತೂತಿನಿಂದ ಪೂರಾ ಬಸಿದು ಹೋಗಬೇಕು. ಉಪ್ಪು ಅದರ ಜೊತೆ ಹೋಗುತ್ತದೆ. ಆಮೇಲೆ ಮೇಲ್ಮಣ್ಣು ಆರುವವರೆಗೆ ನೀರು ಬೇಡ, ದಿನಾ ತೊಳೆದರೆ ಬುಡ ಕೊಳೆ ರೋಗ ಬರುತ್ತದೆ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಸರಿ ಬಂದರೆ ಗೆದ್ದಂತೆ.

ನಮ್ಮಂಥ ಮಳೆಯಾಶ್ರಿತ ರೈತರಿಗೆ ಇನ್ನೊಂದು ಮಾತು ಹೇಳಬೇಕು. ಸುಡದೆ ಬಚಾವಾದರೂ ಕೊಬ್ಬಿದ ಅಗಿ ನಮಗೆ ಬರುವುದಿಲ್ಲ. ಎಲೆ ಜಾಸ್ತಿ, ಕಾಂಡ ಮೆತ್ತಗೆ, ಬೇರು ಕಡಿಮೆ. ನೀರಾವರಿಯವರು ಹಚ್ಚಿದ ದಿನವೇ ನೀರು ಬಿಡುತ್ತಾರೆ, ಅದು ಏಳುತ್ತದೆ. ನಮ್ಮ ಹೊಲದಲ್ಲಿ ಹಚ್ಚಿದ ಮೇಲೆ ಒಂದು ವಾರ ಮಳೆ ಮುಖ ತಿರುಗಿಸಿದರೆ ಮೊದಲು ಬಾಗುವುದು ಅದೇ. ಓಣಿಯ ಹಿರಿಯಾಕಿಯ ಗಿಡ್ಡ, ತಿಳಿ ಹಸಿರು ಅಗಿ ಆ ವರ್ಷ ಒಂಬತ್ತು ದಿನ ತಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನುಗ್ಗೆ, ಪಪ್ಪಾಯಿ ಸಸಿಗೆ ದೊಡ್ಡ ಪಾಲಿಥಿನ್ ಚೀಲ ತುಂಬುವವರು ಗೊಬ್ಬರ ಹಾಕಲೇಬೇಕು ಅಂದರೆ ಮಾಗಿದ್ದನ್ನು ಮಣ್ಣಿಗೆ ಬೆರೆಸಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಹಾಕಿ. ಮೇಲೆ ಬರೀ ಮಣ್ಣು-ಉಸುಕು. ಬೀಜ ಸಪ್ಪೆ ಮಣ್ಣಿನಲ್ಲಿ ಹುಟ್ಟುತ್ತದೆ, ಬೇರು ಬಲಿತ ಮೇಲೆ ತಾನಾಗಿ ಇಳಿದು ಉಣ್ಣುತ್ತದೆ. ಹಳೆ ಟ್ರೇ ಮತ್ತೆ ಬಳಸುವಾಗ ಅಂಚಿನ ಬಿಳಿ ಪುಡಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ. ನನ್ನ 120ರಲ್ಲಿ ಬಿಸಿಲಿಗೆ ಮುರಿದವು ಹೋಗಿ ಇನ್ನೂ ಎಪ್ಪತ್ತು ಬಾಳುತ್ತಿವೆ.