ಮಿಡಲ್‌ವೇರ್: ಪದರಗಳ ಕ್ರಮ ತಪ್ಪಿದರೆ ಕಾವಲು ಇದ್ದೂ ಇಲ್ಲದಂತೆ

2025ರ ಮಾರ್ಚ್ ತಿಂಗಳಿನಲ್ಲಿ ವೆಬ್ ತಂತ್ರಾಂಶ ವಲಯವನ್ನು ಬೆಚ್ಚಿಬೀಳಿಸಿದ ದೋಷವೊಂದು ಬಹಿರಂಗವಾಯಿತು. ನೆಕ್ಸ್ಟ್.ಜೆಎಸ್ ಎಂಬ ಜನಪ್ರಿಯ ತಂತ್ರಾಂಶ ಚೌಕಟ್ಟಿನಲ್ಲಿ ನಿರ್ಮಿಸಿದ ಜಾಲತಾಣಗಳಿಗೆ ಕಳುಹಿಸುವ ಕೋರಿಕೆಯ ತಲೆಬರಹದಲ್ಲಿ ಒಂದು ಸಾಲನ್ನು ಹೆಚ್ಚುವರಿಯಾಗಿ ಸೇರಿಸಿದರೆ ಸಾಕು, ಬಾಗಿಲಲ್ಲಿದ್ದ ತಪಾಸಣೆಯನ್ನೇ ದಾಟಿ ಒಳಹೋಗಲು ಸಾಧ್ಯವಿತ್ತು. ಸಿವಿಇ-2025-29927 ಎಂಬ ಸಂಖ್ಯೆ ಪಡೆದ ಈ ದೋಷದ ತೀವ್ರತೆಯನ್ನು 10ಕ್ಕೆ 9.1 ಎಂದು ಗುರುತಿಸಲಾಯಿತು.

ಹೀಗೆ ನಿಷ್ಕ್ರಿಯಗೊಂಡ ತಪಾಸಣಾ ಪದರಕ್ಕೆ ತಂತ್ರಜ್ಞರ ಭಾಷೆಯಲ್ಲಿ ‘ಮಿಡಲ್‌ವೇರ್’ ಎಂದು ಹೆಸರು. ಜಾಲತಾಣವನ್ನು ಬಳಸುವವರ ಕಣ್ಣಿಗೆ ಇದು ಬೀಳುವುದಿಲ್ಲ. ಆದರೆ ಅವರ ಖಾತೆಯ ವಿವರ ಅವರಿಗಷ್ಟೇ ಕಾಣಿಸಬೇಕಾದರೆ ಈ ಪದರಗಳು ಸರಿಯಾಗಿ ಜೋಡಣೆಯಾಗಿರಬೇಕು.

ಕಡತ ಸಾಗುವ ಹಾದಿ

ತಾಲ್ಲೂಕು ಕಚೇರಿಗೆ ಸಲ್ಲಿಕೆಯಾದ ಅರ್ಜಿ ನೇರವಾಗಿ ತಹಶೀಲ್ದಾರರ ಮೇಜಿಗೆ ಹೋಗುವುದಿಲ್ಲ. ಟಪಾಲು ಶಾಖೆಯಲ್ಲಿ ಮೊಹರು ಬೀಳುತ್ತದೆ. ವಿಷಯ ನಿರ್ವಾಹಕರು ದಾಖಲೆಗಳನ್ನು ಪರಿಶೀಲಿಸುತ್ತಾರೆ. ಶಿರಸ್ತೇದಾರರು ಷರಾ ಬರೆಯುತ್ತಾರೆ. ಆದೇಶವಾದ ಬಳಿಕ ಕಡತವು ಅದೇ ಮೇಜುಗಳ ಮೂಲಕ ಹಿಮ್ಮುಖವಾಗಿ ಇಳಿದು ಬರುತ್ತದೆ. ದಾಖಲೆ ಅಪೂರ್ಣವಾಗಿದ್ದಲ್ಲಿ ನಡುವಿನ ಮೇಜಿನಿಂದಲೇ ಹಿಂಬರಹದೊಡನೆ ಅರ್ಜಿ ವಾಪಸಾಗುವುದೂ ಉಂಟು.

ವೆಬ್ ಸರ್ವರ್ ತಂತ್ರಾಂಶದ ಒಳಗೆ ನಡೆಯುವುದೂ ಬಹುಮಟ್ಟಿಗೆ ಇದೇ. ಬ್ರೌಸರ್ ಕಳುಹಿಸಿದ ಕೋರಿಕೆಯು ಪುಟವನ್ನು ಸಿದ್ಧಪಡಿಸುವ ಮುಖ್ಯ ಭಾಗವನ್ನು ತಲುಪುವ ಮುನ್ನ ಹಲವು ಪದರಗಳನ್ನು ಹಾದುಹೋಗುತ್ತದೆ. ಒಂದು ಪದರ ಸಮಯವನ್ನು ದಾಖಲಿಸುತ್ತದೆ. ಇನ್ನೊಂದು ಕುಕಿಯನ್ನು ಓದಿ ಹಳೆಯ ಭೇಟಿಯ ಮಾಹಿತಿಯನ್ನು ಹುಡುಕುತ್ತದೆ. ಮತ್ತೊಂದು ಬಂದವರು ಯಾರೆಂದು ನಿರ್ಧರಿಸುತ್ತದೆ. ಉತ್ತರವು ಮರಳುವಾಗ ಇದೇ ಪದರಗಳು ತಿರುವುಮುರುವಾದ ಕ್ರಮದಲ್ಲಿ ಎದುರಾಗುತ್ತವೆ. ಹೀಗಾಗಿಯೇ ಈ ರಚನೆಯನ್ನು ಈರುಳ್ಳಿಗೆ ಹೋಲಿಸುವುದು ವಾಡಿಕೆ.

ಜೋಡಣೆ ಹೇಗೆ?

ಪ್ರತಿಯೊಂದು ಪದರವೂ ಮೂಲತಃ ಒಂದು ಫಂಕ್ಷನ್. ತನ್ನ ಒಳಗಿರುವ ಮುಂದಿನ ಪದರ ಯಾವುದೆಂಬುದಷ್ಟೇ ಅದಕ್ಕೆ ಗೊತ್ತು. ಕೋರಿಕೆ ಬಂದಾಗ ಅದರ ಮುಂದೆ ಎರಡು ದಾರಿಗಳಿವೆ: ಕೋರಿಕೆಯನ್ನು ಒಳಗಿನ ಪದರಕ್ಕೆ ಒಪ್ಪಿಸುವುದು ಅಥವಾ ಅಲ್ಲಿಯೇ ಉತ್ತರ ಕೊಟ್ಟು ಹಿಂದಿರುಗಿಸುವುದು. ಎರಡನ್ನೂ ಮಾಡದಿದ್ದರೆ ಕೋರಿಕೆ ಅಲ್ಲಿಯೇ ನಿಂತುಬಿಡುತ್ತದೆ. ಎಕ್ಸ್‌ಪ್ರೆಸ್ ಎಂಬ ಚೌಕಟ್ಟಿನಲ್ಲಿ ‘ನೆಕ್ಸ್ಟ್’ ಎಂಬ ಫಂಕ್ಷನ್ನನ್ನು ಕರೆಯಲು ಮರೆತಾಗ ಬ್ರೌಸರ್ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿರುವುದು ಇದೇ ಕಾರಣದಿಂದ.

ಎಲ್ಲ ಪದರಗಳೂ ಒಂದೇ ಆಕಾರದ ಕೋರಿಕೆಯನ್ನು ಪಡೆದು ಒಂದೇ ಆಕಾರದ ಉತ್ತರವನ್ನು ನೀಡುವುದರಿಂದ ಒಬ್ಬರು ಬರೆದ ಪದರವನ್ನು ಇನ್ನೊಬ್ಬರು ತಮ್ಮ ಜಾಲತಾಣದಲ್ಲಿ ಸೇರಿಸಿಕೊಳ್ಳಬಹುದು. ಪೈಥಾನ್ ಭಾಷೆಗೆ ಇಂತಹ ಸಾಮಾನ್ಯ ನಿಯಮವನ್ನು ಫಿಲಿಪ್ ಜೆ. ಈಬಿ 2003ರ ಡಿಸೆಂಬರ್‌ನಲ್ಲಿ ‘ಡಬ್ಲ್ಯುಎಸ್‌ಜಿಐ’ ಎಂಬ ಹೆಸರಿನಲ್ಲಿ ಪ್ರಸ್ತಾಪಿಸಿದರು. 2007ರಲ್ಲಿ ರೂಬಿ ಭಾಷೆಗೆ ಕ್ರಿಶ್ಚಿಯನ್ ನ್ಯೂಕಿರ್ಶನ್ ಅವರ ‘ರ‍್ಯಾಕ್’ ಬಂದಿತು. 2010ರಲ್ಲಿ ನೋಡ್.ಜೆಎಸ್‌ಗಾಗಿ ‘ಕನೆಕ್ಟ್’ ರೂಪುಗೊಂಡಿತು.

ಮಾತನಾಡುವ ತಪ್ಪು, ಮೌನದ ತಪ್ಪು

ಪದರಗಳನ್ನು ಬಿಡಿಬಿಡಿಯಾಗಿ ಬರೆಯಬಹುದು ನಿಜ. ಆದರೆ ಅವುಗಳನ್ನು ಜೋಡಿಸುವ ಕ್ರಮದಲ್ಲಿ ಅಂತಹ ಸ್ವಾತಂತ್ರ್ಯವಿಲ್ಲ. ಪೈಥಾನ್‌ನ ‘ಜಾಂಗೋ’ ಚೌಕಟ್ಟಿನಲ್ಲಿ ಹೊಸ ಯೋಜನೆ ಆರಂಭಿಸಿದರೆ 7 ಪದರಗಳ ಪಟ್ಟಿ ಸಿದ್ಧವಾಗಿಯೇ ದೊರೆಯುತ್ತದೆ. ಅದರಲ್ಲಿ ಸೆಷನ್ ಪದರ ಮೊದಲು, ಬಳಕೆದಾರರನ್ನು ಗುರುತಿಸುವ ಪದರ ಅನಂತರ. ಗುರುತಿಸಲು ಬೇಕಾದ ಮಾಹಿತಿ ಸೆಷನ್‌ನಲ್ಲಿಯೇ ಇರುವುದರಿಂದ ಈ ಕ್ರಮ ಅನಿವಾರ್ಯ. ಇವೆರಡನ್ನೂ ಅದಲುಬದಲು ಮಾಡಿದರೆ ಜಾಂಗೋ ದೋಷ ಸಂದೇಶ ನೀಡಿ ಕೆಲಸ ನಿಲ್ಲಿಸುತ್ತದೆ. ಇದು ಬಾಯಿಬಿಟ್ಟು ಹೇಳುವ ತಪ್ಪು, ತಿದ್ದುವುದು ಸುಲಭ.

ಅಪಾಯಕಾರಿಯಾದದ್ದು ಮೌನವಾಗಿರುವ ತಪ್ಪು. ಸಿದ್ಧಪಡಿಸಿದ ಪುಟದ ಪ್ರತಿಯನ್ನು ತೆಗೆದಿರಿಸಿ ಮುಂದೆ ಅದನ್ನೇ ನೀಡುವ ‘ಕ್ಯಾಶ್’ ಪದರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜಾಲತಾಣದ ವೇಗ ಹೆಚ್ಚಿಸಲು ಇದು ಉತ್ತಮ ಉಪಾಯ. ಆದರೆ ಇದನ್ನು ಗುರುತು ಪರಿಶೀಲಿಸುವ ಪದರದ ಹೊರಗಿರಿಸಿ, ವಿಳಾಸವನ್ನಷ್ಟೇ ನೋಡಿ ಪ್ರತಿ ನೀಡುವಂತೆ ಮಾಡಿದರೆ, ಒಬ್ಬರಿಗಾಗಿ ಸಿದ್ಧವಾದ ‘ನನ್ನ ಖಾತೆ’ ಪುಟವು ಮುಂದೆ ಅದೇ ವಿಳಾಸ ಕೇಳಿದ ಬೇರೊಬ್ಬರ ಕೈಸೇರುತ್ತದೆ. ಕೋರಿಕೆ ಗುರುತಿನ ಪದರವನ್ನು ತಲುಪುವುದೇ ಇಲ್ಲ. ದೋಷ ಸಂದೇಶವೂ ಬರುವುದಿಲ್ಲ. ಜಾಲತಾಣ ಎಂದಿಗಿಂತ ಚುರುಕಾಗಿರುವಂತೆ ತೋರುತ್ತದೆ!

ಇದು ಕೇವಲ ಕಲ್ಪನೆಯಲ್ಲ. 2015ರ ಡಿಸೆಂಬರ್ 25ರಂದು ಆಟಗಳ ಮಾರಾಟ ತಾಣ ‘ಸ್ಟೀಮ್’ನಲ್ಲಿ ಕೆಲವರಿಗೆ ಅಪರಿಚಿತರ ಖಾತೆಯ ಪುಟಗಳು ಕಾಣಿಸಿಕೊಂಡವು. ಸುಮಾರು 34,000 ಬಳಕೆದಾರರ ವೈಯಕ್ತಿಕ ಮಾಹಿತಿಯುಳ್ಳ ಪುಟಗಳು ಇತರರಿಗೆ ಹೋಗಿರುವ ಸಾಧ್ಯತೆಯಿದೆ ಎಂದು ಅದನ್ನು ನಡೆಸುವ ವಾಲ್ವ್ ಸಂಸ್ಥೆ ಬಳಿಕ ತಿಳಿಸಿತು. ಅಂದು ಎಡವಿದ್ದು ಸಂಸ್ಥೆಯ ಮುಖ್ಯ ತಂತ್ರಾಂಶವಲ್ಲ, ಅದರ ಹೊರಗಿದ್ದ ಕ್ಯಾಶ್ ವ್ಯವಸ್ಥೆ. ದಾಳಿಯ ಒತ್ತಡವನ್ನು ತಡೆಯಲು ಬದಲಿಸಿದ ನಿಯಮವೊಂದು, ಲಾಗಿನ್ ಆದವರ ಪುಟಗಳನ್ನೂ ತೆಗೆದಿರಿಸಿ ಹಂಚತೊಡಗಿತ್ತು.

ಒಂದೇ ಕಾವಲು ಸಾಲದು

ನೆಕ್ಸ್ಟ್.ಜೆಎಸ್ ಪ್ರಕರಣದಲ್ಲಿ ಪದರಗಳ ಕ್ರಮ ತಪ್ಪಿರಲಿಲ್ಲ. ಪದರವು ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಂಡು ಕೊನೆಯಿಲ್ಲದೆ ಸುತ್ತದಿರಲೆಂದು ಚೌಕಟ್ಟು ತನ್ನ ಆಂತರಿಕ ಕೋರಿಕೆಗಳಿಗೆ ‘ಎಕ್ಸ್-ಮಿಡಲ್‌ವೇರ್-ಸಬ್‌ರಿಕ್ವೆಸ್ಟ್’ ಎಂಬ ಗುರುತು ಹಚ್ಚುತ್ತಿತ್ತು. ಆ ಗುರುತು ಕಂಡರೆ ಪದರವನ್ನು ಬಿಟ್ಟು ಮುಂದೆ ಸಾಗುತ್ತಿತ್ತು. ಅದೇ ಗುರುತನ್ನು ಹೊರಗಿನವರು ಹಚ್ಚಿ ಕಳುಹಿಸಿದರೆ ಪತ್ತೆಹಚ್ಚುವ ವ್ಯವಸ್ಥೆ ಇರಲಿಲ್ಲ. 15.2.3 ಹಾಗೂ 14.2.25 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಲಾಯಿತು.

ಹೆಚ್ಚು ಅಪಾಯಕ್ಕೆ ಸಿಲುಕಿದ್ದು ಯಾರು ಎಂಬುದರಲ್ಲಿ ಪಾಠವಿದೆ. ಲಾಗಿನ್ ತಪಾಸಣೆಯನ್ನು ಮಿಡಲ್‌ವೇರ್‌ಗೆ ಮಾತ್ರ ಒಪ್ಪಿಸಿ ಒಳಗಿನ ಪುಟಗಳಲ್ಲಿ ಯಾವುದೇ ಪರಿಶೀಲನೆ ಇರಿಸದ ತಾಣಗಳು ಸಂಪೂರ್ಣ ತೆರೆದುಕೊಂಡವು. ಮಾಹಿತಿಯನ್ನು ಕೊಡುವ ಸ್ಥಳದಲ್ಲಿಯೇ ‘ಇದನ್ನು ನೋಡುವ ಅಧಿಕಾರ ಇವರಿಗಿದೆಯೇ?’ ಎಂದು ಮತ್ತೊಮ್ಮೆ ಕೇಳುತ್ತಿದ್ದ ತಾಣಗಳಲ್ಲಿ ಹೊರಬಾಗಿಲು ತೆರೆದರೂ ತಿಜೋರಿಯ ಬೀಗ ಉಳಿದಿತ್ತು.

ಜಾಲತಾಣ ನಿರ್ಮಿಸುವವರು ಅನುಸರಿಸಬೇಕಾದ ಕ್ರಮ ಕಷ್ಟದ್ದೇನಲ್ಲ. ದಾಖಲಾತಿಯ ಪದರ ಎಲ್ಲಕ್ಕಿಂತ ಹೊರಗಿರಲಿ. ಆಗ ನಡುವೆಯೇ ತಿರಸ್ಕೃತವಾದ ಕೋರಿಕೆಗಳೂ ಲೆಕ್ಕಕ್ಕೆ ಸಿಗುತ್ತವೆ. ಸೆಷನ್ ಮೊದಲು, ಗುರುತು ಅನಂತರ, ಅಧಿಕಾರದ ತಪಾಸಣೆ ಅದರ ಬಳಿಕ ಬರಲಿ. ವೈಯಕ್ತಿಕ ಪುಟಗಳನ್ನು ಎಲ್ಲರಿಗೂ ಹಂಚುವ ಕ್ಯಾಶ್‌ನಿಂದ ಹೊರಗಿಡಬೇಕು. ಪದರಗಳನ್ನು ಬಿಡಿಯಾಗಿ ಪರೀಕ್ಷಿಸಿದರೆ ಸಾಲದು, ಜೋಡಿಸಿದ ಮೇಲೂ ಪರೀಕ್ಷಿಸಬೇಕು: ಇಬ್ಬರು ಬಳಕೆದಾರರ ಹೆಸರಿನಲ್ಲಿ ಲಾಗಿನ್ ಆಗಿ, ಒಂದೇ ವಿಳಾಸವನ್ನು ಒಬ್ಬರ ಹಿಂದೆ ಒಬ್ಬರು ಕೇಳಿ ನೋಡಬೇಕು. ಬಳಿಕ ಲಾಗಿನ್ ಇಲ್ಲದೆಯೂ ಅದೇ ವಿಳಾಸವನ್ನು ಕೇಳಬೇಕು.

ಕೆಲವೇ ನಿಮಿಷಗಳ ಈ ಪರೀಕ್ಷೆಯನ್ನು ಪಟ್ಟಿಯಲ್ಲಿ ಒಂದು ಪದರವನ್ನು ಮೇಲೆ ಕೆಳಗೆ ಮಾಡಿದಾಗಲೆಲ್ಲ ಮತ್ತೆ ನಡೆಸಬೇಕು. ಕ್ರಮ ತಪ್ಪಿರುವುದು ಮೊದಲು ತಿಳಿಯಬೇಕಾದದ್ದು ನಿರ್ಮಿಸಿದವರಿಗೇ ಹೊರತು, ಬೇರೊಬ್ಬರ ಖಾತೆಯನ್ನು ತನ್ನ ಪರದೆಯ ಮೇಲೆ ಕಂಡ ಗ್ರಾಹಕನಿಗಲ್ಲ.